ಅದು ಅನ್ನಬೇಡಿ

ಫೆಬ್ರವರಿ ೧೧, ಮಂಗಳವಾರ

ಇವಳು ಡಾಕ್ಟರಿಗೆ ಹೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. ಮೇಲೇಳಲಾಗದೆ ನರಳುತ್ತಿದ್ದ ನಮ್ಮ ನಾಯಿ ಗುಂಡನಿಗೆ ಇವತ್ತು ಕೊನೆಯ ಇಂಜೆಕ್ಷನ್ ಕೊಡಿಸಿ ಬಂದೆವು. ಡಾಕ್ಟರು ಸೂಜಿ ಹಿಡಿದು, "ಅದಕ್ಕೆ ನೋವೇನೂ ಆಗಲ್ಲ" ಎಂದರು. ನನ್ನ ಹೆಂಡತಿ ಅವನ ತಲೆ ಸವರುತ್ತ, "ಅದು ಅನ್ನಬೇಡಿ ಡಾಕ್ಟ್ರೇ, ಅವನಿಗೆ ಕಿವಿ ಕೇಳತ್ತೆ" ಎಂದಳು.

ಅವನನ್ನು ತಂದ ದಿನ "ಅದು ಒಳಗೆ ಬಂದ್ರೆ ನಾನು ಹೊರಗೆ" ಎಂದವಳು ಇವಳೇ. ಇಬ್ಬರೂ ಒಳಗೇ ಉಳಿದರು. ಇವಳ ಹೊಲಿಗೆ ಯಂತ್ರದ ಕೆಳಗೇ ಅವನ ಹಾಸಿಗೆಯಾಯಿತು. ಆದರೂ ಇವಳ ಬಾಯಲ್ಲಿ ಅವನು 'ಅದು' ಆಗಿಯೇ ಇದ್ದ.

ಈಗಷ್ಟೇ ಮಲಗುವ ಮುಂಚೆ ಕೇಳಿದಳು, "ಇಷ್ಟು ವರ್ಷ ಅದು ಅದು ಅಂತಿದ್ದೆನಲ್ಲ ರೀ, ಬೇಜಾರಾಗಿರತ್ತಾ ಅವನಿಗೆ?"

"ಬೇಜಾರೇನೇ? ಅದು ಅನ್ನೋದೇ ತನ್ನ ಹೆಸರು ಅನ್ಕೊಂಡಿದ್ದ. ನಾನು ಗುಂಡಾ ಗುಂಡಾ ಅಂತ ಗಂಟಲು ಹರ್ಕೊಂಡ್ರೂ ಏಳ್ತಿರಲಿಲ್ಲ. ಎಲ್ಲಿ ಬಾಲ ತುಳೀತೀನೋ ಅಂತ ನೀನು 'ಅದೆಲ್ಲಿ' ಅಂದ್ರೆ ಸಾಕು, ಓಡಿ ಬರ್ತಿದ್ದ."

ನಗುತ್ತಾಳೆ ಎಂದುಕೊಂಡೆ. ಇವಳು ಗೋಡೆ ಕಡೆ ತಿರುಗಿ ಮಲಗಿ, ಮೆಲ್ಲಗೆ, "ಅದೆಲ್ಲಿ?" ಎಂದಳು.

ನಾನು ಬಾಗಿಲ ಕಡೆ ನೋಡಿಬಿಟ್ಟೆ.