ಅಳತೆಯ ದಾರ

ಅಜ್ಜಿ,

ಒಂದು ತೋಳು ಬಾಕಿ ಬಿಟ್ಟು ನೀನು ಹೋದೆಯಲ್ಲ, ಆ ಸ್ವೆಟರನ್ನು ಕೊನೆಗೂ ಮುಗಿಸಿದೆ. ಇವತ್ತು ಕೋಟೆ ಕಡೆಯ ಕಾಡಂಚಿನ ಆದಿವಾಸಿಗಳ ಹಾಡಿಗೆ ಹೋಗಿ ರಂಗಿಯ ಮಗಳಿಗೆ ಕೊಟ್ಟು ಬಂದೆ. ನೀನು ದಾರಕ್ಕೆ ಗಂಟು ಹಾಕಿ ಅಳತೆ ತೆಗೆದಾಗ ಆ ಮಗುವಿಗೆ ಮೂರು ವರ್ಷ. ಈಗ ಐದು.

ಪ್ರತಿ ಚಳಿಗಾಲಕ್ಕೂ ಹಾಡಿಯ ಮಕ್ಕಳಿಗೆಂದು ಹೆಣೆಯುವಾಗ ನೀನು ಅನ್ನುತ್ತಿದ್ದೆ, "ಅಳ್ತೆ ತಕ್ಕಂಡ ತಿಂಗ್ಳಲ್ಲೇ ಕೊಟ್ಬುಡ್ಬೇಕು ಕಣವ್ವ. ಮಕ್ಳು ಸುಮ್ನಿರ್ತವಾ? ಬೆಳ್ದ್‌ಬುಡ್ತವೆ."

ನಾನು ನಿನಗೆ ಎರಡು ಸಲ ಎಡೆ ಇಟ್ಟೆ, ಹೆಣೆಯುವ ಕಡ್ಡಿ ಮಾತ್ರ ಮುಟ್ಟಲಿಲ್ಲ. ಚಿಕ್ಕದಾಗುತ್ತದೆಂದು ಗೊತ್ತಿದ್ದೇ, ನಾಚಿಕೆಯಿಂದಲೇ ಇವತ್ತು ಚೀಲ ಬಿಚ್ಚಿದೆ.

ರಂಗಿ ಮಗಳಿಗೆ ತೊಡಿಸಿ, ಗುಂಡಿ ಹಾಕಿ, ಸುತ್ತ ತಿರುಗಿಸಿ ನೋಡಿದಳು. "ಅಜ್ಜಿ ಕೈ ಅಳ್ತೆ ಅಂದ್ರೆ ಇದು ಕಣಕ್ಕಾ! ಎಂಗ್ ಕೂತದೆ ನೋಡಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಿನ್ನ ದಾರ ಚೀಲದಲ್ಲೇ ಇತ್ತು. ಮುಂದಿನ ಚಳಿಗೆ ಇನ್ನೊಂದು ಹೆಣೆಯುತ್ತೇನೆಂದು ನೆಪ ಹೇಳಿ, ಮಗುವಿನ ಭುಜದಿಂದ ಸೊಂಟದವರೆಗೆ ಹಿಡಿದೆ.

ಎರಡು ವರ್ಷದ ಹಿಂದೆ ನೀನು ಹಾಕಿದ್ದ ಗಂಟು ಸರಿಯಾಗಿ ಸೊಂಟಕ್ಕೇ ಬಂತು.