ಎರಡನೇ ಸ್ಕ್ಯಾನಿನವರೆಗೆ

ಮಾರ್ಚ್ 10, ಸೋಮವಾರ – ತಿಕೋಟಾ

ಬೆಳಿಗ್ಗೆ ಮತ್ತೆ ವಾಂತಿ. ಚಹಾದ ವಾಸನೆಯೇ ಬೇಡ. ಆದರೂ ಇವರಿಗೆ ಮಾಡಿಕೊಟ್ಟೆ, ಮೂಗು ಮುಚ್ಚಿಕೊಂಡು.

ವಿಜಯಪುರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ಡಾಕ್ಟರಮ್ಮ ತುಂಬ ಹೊತ್ತು ನೋಡಿದರು. ತಿಂಗಳ ಲೆಕ್ಕಕ್ಕೆ ಗರ್ಭದ ಚೀಲ ಸಣ್ಣದು. ಎದೆಬಡಿತ ಇನ್ನೂ ಕಾಣುತ್ತಿಲ್ಲ. ತ್ರೀ-ಡಿ ಹಾಕಿ ಚೀಲವನ್ನು ಎಲ್ಲ ಕಡೆಯಿಂದ ಅಳೆದರು. ಉದ್ದ ಅಗಲ ಅಷ್ಟೇ ಅಲ್ಲ, ಒಳಗೆ ಎಷ್ಟು ಜಾಗವಿದೆ ಅನ್ನುವುದೂ ಗೊತ್ತಾಗುತ್ತದಂತೆ.

"ಕೂಸು ಐತೇನ್ರಿ, ಇಲ್ಲೇನ್ರಿ?" ಇವರು ನೇರ ಕೇಳಿಬಿಟ್ಟರು.

"ಒಂದ ಅಳತಿ ಮ್ಯಾಲ ಹೇಳಾಕ ಬರೂದಿಲ್ಲ. ನಿಮ್ಮ ಮುಟ್ಟಿನ ತಾರೀಖ ತಪ್ಪಿದ್ದರೂ ಇರಬಹುದು. ಹತ್ತ ದಿನ ಬಿಟ್ಟು ಬರ್ರಿ. ಬೆಳದೈತೋ ಇಲ್ಲೋ ನೋಡೂಣು."

ಹತ್ತು ದಿನ... ಇವರು ಬೈಕನ್ನು ಎಷ್ಟು ನಿಧಾನ ಓಡಿಸಿದರೆಂದರೆ, ಹಿಂದಿದ್ದ ಟ್ರ್ಯಾಕ್ಟರು ಹಾರ್ನ್ ಹೊಡೆದು ಮುಂದೆ ಹೋಯಿತು.

ಮಾರ್ಚ್ 12

ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗಬೇಡ ಅಂದರು ಅತ್ತೆ. ಮತ್ತೇನೂ ಮಾತಿಲ್ಲ. ಸಿಟ್ಟೋ ಏನೋ. ಹೋದ ವರ್ಷದ್ದು ಉಳಿಯಲಿಲ್ಲ, ಇದೂ – ಬರೆಯುವುದಿಲ್ಲ.

ಬಬಲೇಶ್ವರದಿಂದ ಅವ್ವನ ಫೋನು. ಬಂದು ಇಲ್ಲೇ ಇರು ಅಂದಳು.

ಮಾರ್ಚ್ 13, ಸಂಜೆ – ಬಬಲೇಶ್ವರ

ಬ್ಯಾಗು ಹಿಡಿದು ಹೊರಬಂದರೆ ಅತ್ತೆಯೂ ಸೀರೆ ಗಂಟು ಕಟ್ಟಿಕೊಂಡು ನಿಂತಿದ್ದಾರೆ. ಬೀಗರ ಮನೆಯಲ್ಲಿ ಇವತ್ತಿನವರೆಗೆ ಒಂದು ರಾತ್ರಿ ಉಳಿದವರಲ್ಲ.

"ನಾನೂ ಬರ್ತೀನಿ."

"ಯವ್ವಾ, ಮಂದಿ ಏನ ಅಂದಾರು?" ಇವರು ಕೇಳಿದರು.

"ಅನ್ನಲಿ. ಹ್ವಾದ ಸಲ ನಾ ಕನಮಡ್ಯಾಗ ಲಗ್ನದಾಗ ಕುಂತಿದ್ದೆ. ಈ ಸುಧಾ ಒಬ್ಬಾಕಿನ ಮನ್ಯಾಗ ಬಿದ್ದಿದ್ಲು. ಈ ಸಲ ಬಿಡೂದಿಲ್ಲ."

ಸಿಟ್ಟಲ್ಲ ಅದು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ, ಅಳು ಕಂಡೀತು ಅಂತ. ಗುಂಡಿ ಬಂದಾಗಲೆಲ್ಲ ಅತ್ತೆ ನನ್ನ ಹೊಟ್ಟೆಗೆ ಅಡ್ಡ ಕೈ ಹಿಡಿದರು.

ಮಾರ್ಚ್ 16

ಅಡುಗೆಮನೆಯಲ್ಲಿ ಅವ್ವನಿಗೂ ಅತ್ತೆಗೂ ಜಗಳ. ಮಜ್ಜಿಗೆ ಥಂಡಿ ಅಂತ ಅವ್ವ. ಮಜ್ಜಿಗೆಯೇ ಬೇಕು ಅಂತ ಅತ್ತೆ.

"ಮಗಳು ನನ್ನಾಕಿರಿ," ಅಂದಳು ಅವ್ವ.

"ಹೊಟ್ಯಾಗಿಂದು ನಮ್ಮದ್ರಿ."

ಕೊನೆಗೆ ಎರಡು ಬಟ್ಟಲು ಬಂದವು, ಮಜ್ಜಿಗೆ ಒಂದು, ಬಿಸಿ ಗಂಜಿ ಒಂದು. ಎರಡನ್ನೂ ಕುಡಿದೆ. ಎರಡೂ ವಾಂತಿ. ಇಬ್ಬರೂ ಸೇರಿ ಬೆನ್ನು ಸವರಿದರು.

ಮಾರ್ಚ್ 21, ಶುಕ್ರವಾರ – ತಿಕೋಟಾ

ಬೆಳಿಗ್ಗೆ ಎಲ್ಲರೂ ವಿಜಯಪುರಕ್ಕೆ ಹೋದೆವು, ಸ್ಕ್ಯಾನಿಗೆ. ಒಳಗೆ ನನ್ನ ಜೊತೆ ಒಬ್ಬರೇ ಬರಬೇಕು ಅಂದಳು ನರ್ಸ್. ಇವರು ಅವ್ವನನ್ನು ನೋಡಿದರು. ಅವ್ವ ಅತ್ತೆಯನ್ನು ನೋಡಿದಳು. "ನೀವ ಹೋಗ್ರಿ," ಅಂದಳು.

ಕಣ್ಣು ಮುಚ್ಚಿ ಮಲಗಿದ್ದೆ. ಮತ್ತೆ ಅದೇ ಅಳತೆ. ನನ್ನ ಪಾದದ ಮೇಲೆ ಅತ್ತೆಯ ಕೈ.

"ಬೆಳದೈತ್ರಿ," ಅಂದರು ಡಾಕ್ಟರಮ್ಮ. "ಚೀಲ ಛಲೋ ದೊಡ್ಡದಾಗೈತಿ. ಇಲ್ಲಿ ನೋಡ್ರಿ, ಎದಿ ಬಡ್ಯಾಕತ್ತೈತಿ."

ಕಣ್ಣು ಬಿಟ್ಟೆ. ಕಪ್ಪಿನೊಳಗೆ ಒಂದು ಬಿಳಿ ಚುಕ್ಕೆ ಮಿಣಮಿಣ. ನಾನು ಹೇಳಿದ ತಾರೀಖೇ ತಪ್ಪಿತ್ತಂತೆ. ಇನ್ನೂ ಹುಷಾರಾಗಿರಬೇಕಂತೆ.

ಅತ್ತೆ ಬಗ್ಗಿ ಬಗ್ಗಿ ನೋಡಿದರು. "ಇಷ್ಟ ಸಣ್ಣದಕ್ಕ ಎಷ್ಟ ಅವಸರ ಐತಿ ಬೇ."

ಅದೇ ದಿನ, ಸಂಜೆ

ಇವರು ಹೊರಗೇ ನಿಂತಿದ್ದರಲ್ಲ, ನೋಡಲಿಲ್ಲ. ಹೇಗೆ ಬಡಿಯುತ್ತಿತ್ತು ಅಂತ ಬಂದಾಗಿನಿಂದ ಕೇಳುತ್ತಿದ್ದಾರೆ. ಅಂಗೈ ಮೇಲೆ ಬೆರಳಿನಿಂದ ಬಡಿದು ತೋರಿಸಿದೆ. ಈಗ ಮತ್ತೆ ಪಕ್ಕದಲ್ಲಿ ಕೂತು ಕೈ ಚಾಚಿದ್ದಾರೆ.

"ಇನ್ನೊಮ್ಮೆ ತೋರಸ. ಗಡಬಡಿ ಮಾಡಬ್ಯಾಡ, ಅಲ್ಲಿ ಹೆಂಗಿತ್ತೋ ಹಂಗ."

ಪೆನ್ನು ಕೆಳಗಿಡದೆ ಹೇಗೆ ತೋರಿಸಲಿ...