ಲೇಟ್ ಪದದ ಇನ್ನೊಂದು ಅರ್ಥ

ಜುಲೈ ೯, ಬುಧವಾರ

ರಾತ್ರಿ ಊಟ ಸೇರಲಿಲ್ಲ. ಅತ್ತೆ ಎರಡು ಸಲ ಕೇಳಿದರು, ತಲೆನೋವು ಎಂದೆ.

ಎರಡನೇ ತರಗತಿಗೆ ಇವತ್ತು ಸುಲಭ ಇಂಗ್ಲಿಷ್ ಪದಗಳ ಪಾಠವಿತ್ತು. ಅರ್ಲಿ ಎಂದರೆ ಬೇಗ, ಲೇಟ್ ಎಂದರೆ ತಡ. ಮಕ್ಕಳು ಗಂಟಲು ಹರಿಯುವಂತೆ ಕೂಗಿ ಬಾಯಿಪಾಠ ಮಾಡಿದರು. ಬೆಲ್ ಹೊಡೆದ ಮೇಲೆ ಮೊದಲ ಬೆಂಚಿನ ಹುಡುಗಿ, ಎಲ್ಲರೂ ಗುಬ್ಬಚ್ಚಿ ಎಂದು ಕರೆಯುವವಳು, ನನ್ನ ಮೇಜಿನ ಹತ್ತಿರ ಬಂದು ಕೊರಳಿನ ಗುರುತಿನ ಚೀಟಿ ತೋರಿಸಿದಳು. ಅದರಲ್ಲಿ ತಂದೆಯ ಹೆಸರಿಗೆ ಮೊದಲು ಗುಮಾಸ್ತರು ಇಂಗ್ಲಿಷಿನಲ್ಲಿ ಲೇಟ್ ಎಂದು ಬರೆದಿದ್ದರು.

"ಟೀಚರ್, ನಮ್ಮಪ್ಪ ತಡವಾಗಿ ಬರ್ತಾರೆ ಅಂತನಾ?"

ಹೂಂ ಎಂದುಬಿಡೋಣ ಅನ್ನಿಸಿತು. ಆದರೆ ಎಷ್ಟು ದಿನ ಕಾಯುತ್ತಾಳೆ ಮಗು? ಪಕ್ಕದಲ್ಲಿ ಕೂರಿಸಿಕೊಂಡೆ.

"ಇಲ್ಲ ಪುಟ್ಟಿ. ಆ ಪದಕ್ಕೆ ಇನ್ನೊಂದು ಅರ್ಥ ಇದೆ. ತೀರಿಹೋದವರ ಹೆಸರಿಗೂ ಹಾಗೇ ಬರೀತಾರೆ."

ಅವಳು ಅಳಲಿಲ್ಲ. ಚೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡಳು.

"ಗೊತ್ತು ಟೀಚರ್, ಅಮ್ಮ ಹೇಳಿದಾರೆ. ಇಂಗ್ಲಿಷಲ್ಲಿ ಬೇರೆ ಇರುತ್ತೇನೋ ಅಂದ್ಕೊಂಡೆ."

ಅವಳ ಒಂದು ಜಡೆ ಬಿಚ್ಚಿಕೊಂಡಿತ್ತು. ನಿಧಾನವಾಗಿ ಹೆಣೆದು ಕಳಿಸಿದೆ. ನನ್ನ ಕೈಲಾದದ್ದು ಅಷ್ಟೇ.